ಗಲ್ಲಿಗೆ ಬಂದ ಎಕ್ಸ್-ರೇ ವ್ಯಾನು

ನಾನು ಮದುವೆಯಾಗಿ ಬಂದದ್ದು ಮಂಡಿ ಮೊಹಲ್ಲಾದ ಒಂದು ಇಕ್ಕಟ್ಟಾದ ಗಲ್ಲಿಗೆ. ಎದುರಿಗೇ ಒಣಮೆಣಸಿನಕಾಯಿ ಮಂಡಿ. ನನ್ನ ಗಂಡ ಅಲ್ಲೇ ಗುಮಾಸ್ತರು. ಮೂಟೆ ಸುರಿದಾಗಲೆಲ್ಲ ಗಲ್ಲಿಯವರೆಲ್ಲ ಕೆಮ್ಮುತ್ತಿದ್ದರು. ಹಾಗಾಗಿ ಯಾರು ಎಷ್ಟು ಕೆಮ್ಮಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಅದೇ ಧೈರ್ಯ. ನನ್ನ ಅಕ್ಕ ಕ್ಷಯದಿಂದ ಸತ್ತಿದ್ದಳು, ಆ ವಿಷಯವನ್ನು ನಮ್ಮವರು ಗಂಡನ ಮನೆಗೆ ಹೇಳಿರಲಿಲ್ಲ. "ಯಾರಾದ್ರೂ ಕೇಳಿದ್ರೆ ವಿಷಮಶೀತ ಜ್ವರದಲ್ಲಿ ಹೋದ್ಲು ಅನ್ನು" ಎಂದು ಮದುವೆಯ ಹಿಂದಿನ ದಿನ ಅಮ್ಮ ನನ್ನ ತಲೆ ಬಾಚುತ್ತಾ ಹೇಳಿಕೊಟ್ಟಿದ್ದಳು.

ಮಗಳು ಅಂಬೆಗಾಲಿಡುವ ಹೊತ್ತಿಗೆ ನನಗೂ ಕೆಮ್ಮು ಹತ್ತಿಕೊಂಡಿತು. ಮೆಣಸಿನಕಾಯಿ ಘಾಟು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮಂಡಿ ಮುಚ್ಚಿದ್ದ ಭಾನುವಾರವೂ ಕೆಮ್ಮು ಬಂತು. ಅವತ್ತಿನಿಂದ ಮಗುವಿಗೆ ಮುತ್ತು ಕೊಡುವುದನ್ನು ಬಿಟ್ಟೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಎದೆಯ ಎಕ್ಸ್-ರೇ ಬೇಕೆಂದರೆ ಆಸ್ಪತ್ರೆಗೆ ಹೋಗಿ ದಿನಗಟ್ಟಲೆ ಕಾಯಬೇಕಿತ್ತು. ಇನ್ನು ಮೇಲೆ ಸರ್ಕಾರವೇ ಯಂತ್ರವನ್ನು ವ್ಯಾನಿನಲ್ಲಿಟ್ಟು ಮೊಹಲ್ಲಾಗಳಿಗೆ ಕಳಿಸುತ್ತದೆ, ಕಾಸು ಕೊಡಬೇಕಾಗಿಲ್ಲ ಎಂದು ಹೆಲ್ತ್ ಇನ್ಸ್‌ಪೆಕ್ಟರು ಮನೆಮನೆಗೆ ಬಂದು ಹೇಳಿದರು. ರೋಗ ಕಂಡವರನ್ನು ಕರೆದೊಯ್ಯಲು ಆಂಬುಲೆನ್ಸೂ ಇರುತ್ತದಂತೆ. ಒಳ್ಳೆಯ ಸುದ್ದಿಯೆಂದೇ ಅವರು ಹೇಳಿದ್ದು. ಗಲ್ಲಿಯಲ್ಲಿ ಮಾತ್ರ ಅವತ್ತೇ ಗುಸುಗುಸು ಶುರುವಾಯಿತು. ಫೋಟೊದಲ್ಲಿ ಕಲೆ ಕಂಡರೆ ಹಿಡಿದುಕೊಂಡು ಹೋಗುತ್ತಾರೆ, ಪ್ಲೇಗಿನ ಕಾಲದ ಹಾಗೆ ಊರಾಚೆ ಇಡುತ್ತಾರೆ ಎಂದು ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು.

ನನ್ನ ಅತ್ತೆ ಗಟ್ಟಿ ಹೆಂಗಸು. ಮಾವ ತೀರಿಕೊಂಡ ಮೇಲೆ ಮನೆಯನ್ನು ಒಬ್ಬರೇ ನಡೆಸಿದವರು. "ನಮ್ಗೇನಾಗೈತೆ? ನಾವ್ಯಾಕೆ ಓಗಿ ಎದೆ ತೋರಿಸ್ಬೇಕು, ಬುಡು" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ರಾತ್ರಿ ಊಟಕ್ಕೆ ಕೂತ ನನ್ನ ಗಂಡ, ಮಂಡಿಯ ಯಜಮಾನರು ಕೆಲಸದವರ ಮನೆಯವರೆಲ್ಲ ಹೋಗಲೇಬೇಕು ಅಂದಿದ್ದಾರೆ ಎಂದರು. ಅತ್ತೆ ಅರ್ಧ ಊಟಕ್ಕೇ ಎದ್ದು ಕೈತೊಳೆದರು.

ವ್ಯಾನು ನಿಂತಿದ್ದ ಬಯಲಿನಲ್ಲಿ ಹೆಂಗಸರದೇ ಬೇರೆ ಸಾಲು. ಅತ್ತೆ ನನ್ನ ಮುಂದೆ ನಿಂತು, ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನಾನು ಓಡಿಹೋಗದಿರಲಿ ಎಂದು ಹಿಡಿದಿದ್ದಾರೆ ಅಂದುಕೊಂಡೆ. ಒಳಗೆ ಕತ್ತಲೆ. ಎದೆಗೆ ಒತ್ತಿದ ಹಲಗೆ ತಣ್ಣಗಿತ್ತು. "ಉಸಿರು ಹಿಡ್ಕೊಳ್ಳಿ" ಎಂದಿತು ಒಂದು ದನಿ. ಹಿಡಿದೆ. "ಸಾಕು ಬಿಡಿ" ಎಂದ ಮೇಲೂ ಬಿಡಲು ಮರೆತು ನಿಂತಿದ್ದೆನಂತೆ, ನರ್ಸು ಭುಜ ತಟ್ಟಿ ಕೆಳಗಿಳಿಸಿದಳು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಬೀದಿಯಲ್ಲಿ ಯಾವ ಮೋಟಾರಿನ ಸದ್ದಾದರೂ ಕೈಯಲ್ಲಿದ್ದದ್ದು ಜಾರುತ್ತಿತ್ತು. ಕೆಮ್ಮು ಬಂದರೆ ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ನನ್ನನ್ನು ತವರಿಗೆ ಅಟ್ಟಿದರೆ ಮಗುವನ್ನು ಜೊತೆಗೆ ಕಳಿಸುತ್ತಾರೋ ಇಲ್ಲವೋ ಎಂದು ಯೋಚಿಸುತ್ತಾ ರೊಟ್ಟಿ ಸೀಯಿಸುತ್ತಿದ್ದೆ. ಅತ್ತೆ ಬೈಯಲಿಲ್ಲ. ಅವರು ಬೈಯದೇ ಇದ್ದದ್ದಕ್ಕೆ ಇನ್ನೂ ಭಯವಾಯಿತು.

ಒಂದು ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಬಿಳಿ ಗಾಡಿ ಬಂದು ನಿಂತಿತು. ಒಳಗೆ ಬರಲು ಜಾಗವಿರಲಿಲ್ಲ. ಬಿಳಿ ಸೀರೆಯ ಹೆಲ್ತ್ ವಿಸಿಟರ್ ಒಬ್ಬರು ಇಳಿದು ನಡೆದು ಬಂದರು. ಅವರು ದಾಟಿದ ಮನೆಯವರೆಲ್ಲ ಹೊಸ್ತಿಲಲ್ಲಿ ನಿಂತು, ಮುಂದೆ ಯಾರ ಮನೆ ಎಂದು ನೋಡುತ್ತಿದ್ದರು. ಅವರು ನಮ್ಮ ಬಾಗಿಲಲ್ಲಿ ನಿಂತರು. ನಾನು ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದೆ.

"ನೀವು ಸೊಸೆಯವರಾ? ನಿಮ್ಮದು ಸರಿಯಾಗಿದೆ. ಅತ್ತೆಯವರನ್ನ ಕರೀರಿ" ಎಂದರು.

ಕರೆಯಬೇಕಾಗಿರಲಿಲ್ಲ. ಅತ್ತೆ ಅಡಿಗೆಮನೆಯ ಬಾಗಿಲಲ್ಲೇ ಇದ್ದರು. ಅವರ ಮುಖ ನೋಡಿದರೆ ಅವರಿಗೆ ಮೊದಲೇ ಗೊತ್ತಿತ್ತು ಅನಿಸಿತು. ಎಷ್ಟು ದಿನದಿಂದ ಕಫದಲ್ಲಿ ರಕ್ತ ಬರುತ್ತಿತ್ತೋ, ಒಲೆಯ ಬೂದಿಯಲ್ಲಿ ಉಗಿದು ಮುಚ್ಚುತ್ತಿದ್ದರಂತೆ. ಬೂದಿಯನ್ನು ತಾವೇ ಹೊರಗೆ ಹಾಕುತ್ತಿದ್ದರು, ನನಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

ವಿಸಿಟರ್ ಕಫದ ಪರೀಕ್ಷೆ, ಡಾಕ್ಟರು, ಔಷಧಿ ಎಂದು ನಿಧಾನವಾಗಿ ವಿವರಿಸಿದರು. ಅತ್ತೆ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿ ಕೇಳಿದರು:

"ನಿಮ್ಮಕ್ಕ ಎಷ್ಟು ದಿನ ಬದುಕಿದ್ಲಮ್ಮ, ರಕ್ತ ಕಾಣಿಸ್ಕೊಂಡ್ಮ್ಯಾಲೆ?"

ಮದುವೆಗೆ ಮೊದಲೇ ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಗೊತ್ತಿದ್ದೂ ಒಂದು ದಿನ ಆಡಿ ತೋರಿಸಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮುಂದಿನ ದೀಪಾವಳಿಗೆ ಇರ್ಲಿಲ್ಲ ಅತ್ತೆ. ಆದ್ರೆ ಆವಾಗ ಸೂಜಿ ಮದ್ದು ನಮ್ಮೂರಿಗೆ ಬಂದಿರ್ಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಆದರೆ ಗಾಡಿ ಹತ್ತಲು ಒಪ್ಪಲಿಲ್ಲ. ಅವರು ಚಿಕ್ಕವರಿದ್ದಾಗ ಪ್ಲೇಗು ಬಂದು ಅವರ ತಾಯಿಯನ್ನು ಇಂಥದೇ ಬೆಳಿಗ್ಗೆ ಗಾಡಿಯಲ್ಲಿ ಒಯ್ದಿದ್ದರು. ತಾಯಿ ತಿರುಗಿ ಬರಲಿಲ್ಲ, ಹೆಣವನ್ನೂ ತೋರಿಸಲಿಲ್ಲ. "ನಡ್ಕೊಂಡ್ ಬತ್ತೀನಿ. ಅದ್ರೊಳೀಕೆ ಮಾತ್ರ ಬ್ಯಾಡ ಕಣವ್ವ" ಎಂದು ವಿಸಿಟರ್ ಅವರ ಕೈ ಹಿಡಿದುಕೊಂಡರು. ಅವತ್ತಿನ ತನಕ ಅತ್ತೆಗೆ ಭಯವಿರುತ್ತದೆ ಎಂದೇ ನಾನು ತಿಳಿದಿರಲಿಲ್ಲ.

"ನಿಮ್ಮ ಸೊಸೇನೂ ಜೊತೆಗೆ ಬರ್ಲಿ. ಸಾಯಂಕಾಲ ಇದೇ ಗಾಡೀಲಿ ಇಬ್ಬರನ್ನೂ ತಂದು ಬಿಡ್ತೀವಿ. ಬಾಗಿಲು ತೆಗೆದೇ ಇರ್ಲಿ ಅಂದ್ರೆ ಡ್ರೈವರಿಗೆ ಮೆಲ್ಲಗೆ ಓಡಿಸೋಕೆ ಹೇಳ್ತೀನಿ" ಎಂದರು ಆಕೆ.

ಮಗುವನ್ನು ಗಂಡನ ಕೈಗೆ ಕೊಟ್ಟು ಹೊರಟೆವು. ನಾವು ನಡೆದಂತೆ ಎರಡೂ ಕಡೆ ಬಾಗಿಲುಗಳು ಮುಚ್ಚಿಕೊಂಡವು. ಗಾಡಿಯ ಹಿಂಬಾಗಿಲನ್ನು ಹಗ್ಗದಿಂದ ಕಟ್ಟಿ ಅರ್ಧ ತೆರೆದೇ ಇಟ್ಟರು. ಅತ್ತೆ ದಾರಿಯುದ್ದಕ್ಕೂ ಹೊರಗೇ ನೋಡುತ್ತಾ ನನ್ನ ಮಣಿಕಟ್ಟು ಹಿಡಿದು ಕೂತರು. ಆಸ್ಪತ್ರೆಯಲ್ಲಿ ಬಾಟಲಿಗೆ ಕಫ ತೆಗೆದುಕೊಂಡರು, ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ರೋಗ ಇರುವುದು ಖಚಿತ, ಆದರೆ ಬೇಗ ಸಿಕ್ಕಿದೆ ಎಂದರು. ನನ್ನ ಕೆಮ್ಮು ಮಾತ್ರ ಮೆಣಸಿನಕಾಯಿ ಘಾಟಿನದೇ ಅಂದರು. ಸಾಯಂಕಾಲ ಹೇಳಿದಂತೆಯೇ ಮನೆಗೆ ತಂದು ಬಿಟ್ಟರು.

ತಿಂಗಳುಗಟ್ಟಲೆ ಸೂಜಿ, ಮಾತ್ರೆ. ನೆರೆಯವರು ನಮ್ಮ ಮನೆಯ ಮಜ್ಜಿಗೆ ಕೂಡ ಮುಟ್ಟಲಿಲ್ಲ. ಅತ್ತೆ ಗುಣವಾದರು, ಮೊಮ್ಮಗಳ ಮದುವೆಯನ್ನೂ ನೋಡಿದರು.

ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದ ಮುಂದಿನ ವಾರ, ಮಗುವಿನ ಸರದಿ ಬಂದಾಗ. ರೋಗ ಅಂಟಿದೆಯೇ ಎಂದು ತಿಳಿಯಲು ಅವಳ ತೋಳಿಗೆ ಸಣ್ಣ ಸೂಜಿ ಚುಚ್ಚಿ ಹೋಗಿದ್ದರು. ಊದಿಕೊಂಡರೆ ಅಂಟಿದೆಯೆಂದು ಅರ್ಥ. ಹಾಗೆಂದು ಹೇಳಿದ ಮೇಲೆ ಆ ತೋಳು ನನ್ನ ಕಣ್ಣಿಗೆ ಊದಿದಂತೆಯೇ ಕಾಣುತ್ತಿತ್ತು. ಮಗು ಮಲಗಿದಾಗಲೆಲ್ಲ ಬೆರಳಾಡಿಸಿ ನೋಡುತ್ತಿದ್ದೆ. ಮಗುವಿಗೆ ಅಂಟಬಾರದೆಂದು ಹಿತ್ತಿಲ ಕೋಣೆ ಸೇರಿದ್ದ ಅತ್ತೆ ಹೊರಗೆ ಬರುತ್ತಲೇ ಇರಲಿಲ್ಲ, ಅಜ್ಜಿ ಎಂದು ಮಗು ಅತ್ತರೂ ಕದ ತೆಗೆಯಲಿಲ್ಲ.

ವಿಸಿಟರ್ ಬಂದು ಮಗುವಿನ ತೋಳನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ, "ಏನೂ ಇಲ್ಲಮ್ಮ" ಎಂದರು.

ಹಿತ್ತಿಲಿನಿಂದ ಅತ್ತೆಯ ದನಿ ಬಂತು. "ಏನಂದ್ರಮ್ಮ?"

ನಾನು ಮಗುವನ್ನು ಎದೆಗೆ ಅವುಚಿಕೊಂಡಿದ್ದೆ. ವಿಸಿಟರೇ ಗಟ್ಟಿಯಾಗಿ ಉತ್ತರ ಕೊಟ್ಟರು. ಕದ ಸ್ವಲ್ಪ ತೆರೆಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಷ್ಟು ದೂರದಿಂದಲೇ ಮಗುವನ್ನು ನೋಡಿದರು, ಆಮೇಲೆ ನಿಂತಲ್ಲೇ ಕುಸಿದು ಕೂತರು.