ನವಿಲು ಕತ್ತಿನ ಬಣ್ಣ

ನಮ್ಮ ಪಕ್ಕದ ಮನೆಯ ಅಕ್ಕ ದಾವಣಗೆರೆ ಪ್ಯಾಟೆಯಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದರು. ಸೀರೆಗೆ ಬ್ಲೌಸ್ ಪೀಸ್ ಹುಡುಕಿಕೊಂಡು ಬಂದವರನ್ನು ಅಂಗಡಿ ಬಾಗಿಲಿಗೆ ಕರೆತಂದು, ಬಟ್ಟೆಯನ್ನು ಬಿಸಿಲಿಗೆ ಹಿಡಿದು, "ಬೆಳಕಿಗೆ ನೋಡ್ರಿ, ಟ್ಯೂಬ್‌ಲೈಟ್ ನಂಬಬ್ಯಾಡ್ರಿ" ಅನ್ನುತ್ತಿದ್ದರು.

ತಮ್ಮ ಮಲಗುವ ಕೋಣೆಗೆ ನವಿಲು ಕತ್ತಿನ ಬಣ್ಣ ಆರಿಸಿದ್ದೂ ಅವರೇ. ಗೋಡೆ ಒಣಗಿದ ಮೇಲೆ ಯಜಮಾನರು, "ನೀಲಿ ಜಾಸ್ತಿ ಆಗೈತಲ್ಲೇ" ಅಂದರು.

"ಹಸಿರೇ ಐತೆ. ಬಣ್ಣದ ವಿಚಾರ ನಿಮಗೇನು ಗೊತ್ತು, ಸುಮ್ನಿರ್ರಿ" ಅಂದರು ಅಕ್ಕ.

ಯಜಮಾನರು ಇರೋವರೆಗೂ ಆ ಜಗಳ ಮುಗಿಯಲಿಲ್ಲ. ನಾವು ಊಟಕ್ಕೆ ಕೂತಾಗ ಗೋಡೆಯಾಚೆಯಿಂದ ನೀಲಿ, ಹಸಿರು ಅಂತ ಕೇಳಿಸಿದರೆ ನಗು ತಡೆಯೋಕಾಗುತ್ತಿರಲಿಲ್ಲ.

ಅವರು ತೀರಿಕೊಂಡ ಮರುವರ್ಷ ಅಕ್ಕ ಹರಿಹರದ ಮಗಳ ಮನೆಗೆ ಹೋಗಿ, ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಮಾತಾಡಿಸಲು ಹೋದೆ. ಮಂಚದ ಮೇಲೆ ಕೂತು, ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದರು. ಆಮೇಲೆ ಇನ್ನೊಂದನ್ನು ಮುಚ್ಚಿದರು.

"ಆಪರೇಷನ್ ಆದ ಕಣ್ಣಿಗೆ ಈ ಗೋಡೆ ಬರೀ ನೀಲಿ ಕಾಣ್ತೈತೆ ತಂಗಿ. ಪೊರೆ ಬಂದ್ರೆ ನೀಲೀನೂ ಹಸಿರು ಕಾಣ್ತೈತಂತೆ, ಬಣ್ಣ ಹೊಡೆಸೋ ಹೊತ್ತಿಗೇ ನಂಗೆ ಬಂದಿತ್ತಂತೆ. ಅವರು ಹೇಳಿದ್ದೇ ನಿಜ. ಒಂದಿನಾನೂ ಹೂಂ ಅನ್ಲಿಲ್ಲ ನಾನು."

"ಎಡಗಣ್ಣಿಂದು ಯಾವಾಗ ಮಾಡಿಸ್ತೀರಕ್ಕ?" ಅಂದೆ.

"ಅದು ಬ್ಯಾಡ" ಅಂದರು. "ಆ ಕಣ್ಣಿಗೆ ಇನ್ನೂ ಹಸಿರೇ ಐತೆ. ಅದನ್ನೂ ಮಾಡಿಸಿಬಿಟ್ರೆ, ಅವರ ಜೊತಿಗೆ ಜಗಳ ಆಡೋಕೆ ನಂಗೇನು ಉಳೀತೈತೆ ಹೇಳು?"