ಮೈಕು ಹಿಡಿದ ಗುಡ್ಡಪ್ಪ ಮೇಷ್ಟ್ರು

ಮಾಡದಕೆರೆಯ ಗುಡ್ಡಪ್ಪ ಮೇಷ್ಟ್ರ ಗಂಟಲು ಕುರಿ ಹಿಂಡಿನ ಹಿಂದೆ ಪಳಗಿದ್ದು. ಅಪ್ಪನ ಕುರಿಗಳನ್ನು ಗುಡ್ಡದಿಂದ ಕೆಳಕ್ಕೆ ಕರೆಯುತ್ತಿದ್ದ ಆ ಗಂಟಲು, ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿ ಊರಿನ ಹೈಸ್ಕೂಲಿಗೇ ಹೆಡ್‌ಮಾಸ್ಟರಾಗಿ ಬಂದ ಮೇಲೆ ಮೈಕಿಗೆ ಒಗ್ಗಿಕೊಂಡಿತು. ಹೊಸದುರ್ಗದಿಂದ ಹಿರಿಯೂರಿನವರೆಗೆ ಯಾವ ಸಮಾರಂಭವೇ ಇರಲಿ, ನಿರೂಪಣೆ ಗುಡ್ಡಪ್ಪನವರದೇ. ಅತಿಥಿಗಳಿಗೆ ಹೊದಿಸುವ ಶಾಲುಗಳು ಶಾಲೆಯ ಬೀರುವಿನಲ್ಲಿ ಸದಾ ಸಿದ್ಧ. ವಿಜ್ಞಾನದ ಪ್ರಯೋಗದ ಸಾಮಾನೂ ಅದೇ ಬೀರುವಿನಲ್ಲಿದ್ದುದರಿಂದ, ಗಾಜಿನ ನಳಿಕೆಗಳು ಶಾಲು ಹೊದ್ದುಕೊಂಡು ಬೆಚ್ಚಗೆ ಮಲಗಿದ್ದವು.

ಅಂಥವರಿಗೆ ಚಿತ್ರದುರ್ಗದ ನಾಯಕತ್ವ ಶಿಬಿರಕ್ಕೆ ಹೋಗಲು ಆದೇಶ ಬಂತು. ನಾಯಕತ್ವ ಅಂದ ಮೇಲೆ ವೇದಿಕೆ ಇದ್ದೇ ಇರುತ್ತದೆಂದು, ಇಸ್ತ್ರಿ ಅಂಗಿ ತೊಟ್ಟು, ಬಸ್ಸು ಹೊಳಲ್ಕೆರೆ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಸ್ವಾಗತ ಭಾಷಣ ಹೊಸೆದರು. ಅಲ್ಲಿ ನೋಡಿದರೆ ವೇದಿಕೆಯೇ ಇಲ್ಲ. ದುಂಡು ಮೇಜುಗಳು, ಒಬ್ಬ ಮೇಷ್ಟ್ರ ಪಕ್ಕ ಒಬ್ಬ ಉದ್ಯಮಿ. ಶಾಲೆಯವರೂ ವ್ಯಾಪಾರದವರೂ ಒಬ್ಬರ ಮುಖ ಒಬ್ಬರು ನೋಡಲಿ ಎಂಬುದು ಶಿಬಿರದವರ ಆಸೆ. ದೇಣಿಗೆ ಮಾತ್ರ ಕೇಳಕೂಡದು. ಆ ಷರತ್ತು ಕೇಳಿದ್ದೇ ಅರ್ಧ ಮೇಷ್ಟ್ರುಗಳಿಗೆ ಮಾತಿನ ವಿಷಯವೇ ಖಾಲಿಯಾಯಿತು.

ಗುಡ್ಡಪ್ಪನವರ ಪಕ್ಕ ಕೂತವರು ಜಯಶೀಲಾ. ಹೊಸದುರ್ಗದ ಹೊರಗೆ ತೆಂಗಿನ ನಾರು ಬಿಡಿಸಿ ಹಗ್ಗ ಹೊಸೆಯುವ ಕಾರ್ಖಾನೆ ನಡೆಸುವಾಕೆ.

“ಹೇಳ್ರಿ ಮೇಷ್ಟ್ರೇ, ಫ್ಯಾನೋ, ಬೆಂಚೋ?”

“ಏನೂ ಬ್ಯಾಡ ಕಣ್ರಮ್ಮ.”

“ಏನೂ ಬ್ಯಾಡ ಅನ್ನೋ ಮೇಷ್ಟ್ರು ಭಾಳ ದುಬಾರಿ ಬೀಳ್ತಾರೆ.”

ಗುಡ್ಡಪ್ಪ ನಕ್ಕು, ಬಹಳ ದಿನದಿಂದ ಎದೆಯಲ್ಲಿದ್ದುದನ್ನು ಹೇಳಿದರು. “ನಮ್ ಹುಡುಗ್ರುನ್ನ ಮುಂದೇನಾಗ್ತೀರಿ ಅಂದ್ರೆ ಮೇಷ್ಟ್ರು, ಪೊಲೀಸು, ಎರಡೇ ಹೇಳ್ತವೆ. ಮೂರನೇದು ಹೇಳ್ಕೊಡಾಣ ಅಂದ್ರೆ ನನಗೂ ಗೊತ್ತಿಲ್ಲ. ಶನಿವಾರ ಶನಿವಾರ ಹತ್ತು ಜನಾನ ನಿಮ್ ಕಾರ್ಖಾನೆ ಒಳಗೆ ಬಿಟ್ಕಳ್ರಿ. ಕೆಲಸಕ್ಕಲ್ಲ. ನೋಡ್ಲಿ, ಕೇಳ್ಲಿ.”

ಜಯಶೀಲಾ ತಮ್ಮ ಷರತ್ತು ಮುಂದಿಟ್ಟರು. “ಮೊದ್ಲು ಹುಡುಗ್ರ ಜೊತೆ ಮಾತಾಡ್ಬೇಕು. ಗುರುವಾರ ಹನ್ನೊಂದಕ್ಕೆ ಬರ್ತೀನಿ, ಹನ್ನೆರಡಕ್ಕೆ ಲಾರಿ ಲೋಡ್ ಐತೆ. ಸ್ಟೇಜು, ಶಾಲು ಕಂಡ್ರೆ ಗೇಟಿಂದ್ಲೇ ವಾಪಸ್. ಹೋದ್ ವರ್ಷ ಒಂದ್ ಸ್ಕೂಲ್ನಾಗೆ ಮೂರು ಗಂಟೆ ಕುಂಡ್ರಿಸಿ ನನ್ನ ಹೊಗಳಿದ್ರು. ಮನೇಗೆ ಬಂದು ಹೇಳಿದ್ರೆ ನಮ್ಮ ಯಜಮಾನ್ರೂ ನಂಬಲಿಲ್ಲ.”

ಗುಡ್ಡಪ್ಪನವರು ಶಾಲೆಗೆ ಬಂದು, ಗುರುವಾರ ಉದ್ಯಮಿಯೊಬ್ಬರು ಬರುತ್ತಾರೆ, ಯಾರೂ ಏನೂ ಮಾಡಬೇಡಿ ಎಂದರು. ವರ್ಷಗಟ್ಟಲೆ ಅವರ ಕೈಯಲ್ಲೇ ಪಳಗಿದ ಸಿಬ್ಬಂದಿ ಅದನ್ನು ದೊಡ್ಡವರ ಸಂಕೋಚ ಎಂದುಕೊಂಡರು. ಸಾಕು ಸಾಕು ಎಂದ ನೆಂಟರಿಗೆ ನಮ್ಮ ಕಡೆ ಇನ್ನೊಂದು ಸೌಟು ಹೆಚ್ಚೇ ಬಡಿಸುತ್ತಾರಲ್ಲ, ಹಾಗೆ.

ಗುರುವಾರ ಬೆಳಿಗ್ಗೆ ಹೊಸದುರ್ಗದ ಕಚೇರಿ ಕೆಲಸ ಮುಗಿಸಿ ಮೇಷ್ಟ್ರು ಓಡೋಡಿ ಬಂದರೆ, ಅಂಗಳದಲ್ಲಿ ಶಾಮಿಯಾನ ಎದ್ದಿದೆ. ದೀಪದ ಕಂಬಕ್ಕೆ ಹೂವು ಸುತ್ತಿದೆ. ಹಿಂದಿನಿಂದ ಉಪ್ಪಿಟ್ಟಿನ ಘಮ. ಕನ್ನಡದ ಟೀಚರ್ ಸುಪ್ರಿಯಾ ಶಾಲಿನ ತಟ್ಟೆ ಹಿಡಿದು ನಿಂತಿದ್ದಾರೆ. ಜಮಖಾನದ ಮೇಲೆ ಮಕ್ಕಳು, ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರ ಹಿರಿಯರು. ನಡುವೆ ಬಿಳಿ ಅಂಗಿಯಲ್ಲಿ ಎಸ್‌ಡಿಎಂಸಿ ಅಧ್ಯಕ್ಷ ರಂಗಯ್ಯ.

“ಅಯ್ಯೋ ರಂಗಯ್ಯ, ಏನೂ ಬ್ಯಾಡ ಅಂದಿದ್ನಲ್ಲಪ್ಪ!”

“ನೀವು ಹಂಗೇ ಅಂತೀರಿ. ಊರಿಗೊಂದು ಮರ್ಯಾದಿ ಬ್ಯಾಡ್ವ? ನಂದು ನಾಲ್ಕೇ ಮಾತು, ಕುಂತ್ಕಳ್ರಿ.”

ರಂಗಯ್ಯನ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಮೇಯಲು ಹೋದ ಕುರಿಗಳು ಮನೆಗೆ ಬರುತ್ತವೆಂಬುದು ಊರಿಗೆಲ್ಲ ಗೊತ್ತು. ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು. ಜಯಶೀಲಾ ಒಂದು ಕಾಲು ಕೆಳಗಿಟ್ಟರು. ಶಾಮಿಯಾನ ನೋಡಿದರು. ಇಟ್ಟ ಕಾಲನ್ನು ಒಳಗೆ ಎಳೆದುಕೊಂಡರು.

ಗುಡ್ಡಪ್ಪನವರಿಗೆ ಶಾಮಿಯಾನ ಬಿಚ್ಚಿಸಲು ಹೊತ್ತಿಲ್ಲ. ಹಿರಿಯರನ್ನು ಏಳಿ ಎನ್ನುವಂತಿಲ್ಲ. ಎಂದರೆ ಊರಲ್ಲಿ ಮುಖವೆತ್ತಿ ಓಡಾಡುವಂತಿಲ್ಲ. ಏನೂ ತೋಚದೆ, ತಮಗೆ ಬರುವ ಒಂದೇ ವಿದ್ಯೆಯ ಕಡೆ ಧಾವಿಸಿ ಮೈಕು ಹಿಡಿದರು.

“ಬಂಧುಗಳೇ! ಕಾರ್ಯಕ್ರಮದ ಕೊನೆಯ ಘಟ್ಟಕ್ಕೆ ಬಂದಿದ್ದೇವೆ. ಈಗ ವಂದನಾರ್ಪಣೆ!”

ವಂದನಾರ್ಪಣೆಯನ್ನು ಕೂತು ಕೇಳಿದ ಸಭೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿ ಏಳುತ್ತದೆ. ಕುರ್ಚಿಗಳು ಕಿರ್ರೆಂದವು. ಹಿರಿಯರು ಚಪ್ಪಲಿ ಹುಡುಕಿಕೊಂಡು ಉಪ್ಪಿಟ್ಟಿನ ಕಡೆ ಹೊರಟರು. ರಂಗಯ್ಯನೂ ರೂಢಿಯಂತೆ ಅವರೊಡನೆ ನಡೆದ. ತಟ್ಟೆ ಕೈಗೆ ಬಂದ ಮೇಲಷ್ಟೇ ಅವನಿಗೆ ಏನೋ ಅನುಮಾನವಾಯಿತು.

“ಲೇ, ನಾನು ಮಾತಾಡಿದ್ನೇನ್ಲಾ?”

“ಭಾಳ ಚೆನ್ನಾಗಿ ಮಾತಾಡ್ದೆ ಕಣಣ್ಣ,” ಎಂದ ಪಕ್ಕದವನು, ತಟ್ಟೆಯಿಂದ ತಲೆ ಎತ್ತದೆ.

ಶಾಮಿಯಾನದ ಕೆಳಗೆ ಮಕ್ಕಳು ಮಾತ್ರ ಉಳಿದವು. ಜಯಶೀಲಾ ನಗು ತಡೆಯಲಾರದೆ ಕಾರಿಳಿದು ಬಂದು ಜಮಖಾನದ ಮೇಲೆ ಮಕ್ಕಳ ನಡುವೆ ಕೂತರು. ಕುರಿ ಸಾಕುವ ತಿಪ್ಪಯ್ಯನ ಮಗಳು ಅಂಜಲಿ ಮೊದಲು ಕೇಳಿದಳು:

“ಮೇಡಂ, ಮಳೆ ಹಿಡಿದ್ರೆ ನಾರು ಹೆಂಗ್ ಒಣಗಿಸ್ತೀರಿ? ನಮ್ಮನೇಲಿ ಉಣ್ಣೆ ನೆಂದ್ರೆ ಮುಗ್ಗಲು ವಾಸ್ನೆ ಬರ್ತೈತೆ.”

“ಅದೇ ಕಣವ್ವ ನನ್ ತಲೆನೋವು!” ಎಂದು ಜಯಶೀಲಾ ಚಕ್ಕಳಮಕ್ಕಳ ಹಾಕಿಕೊಂಡರು. ಅಲ್ಲಿಂದ ಮಾತಿಗೆ ಕಟ್ಟೆ ಒಡೆಯಿತು. ಹಗ್ಗ ಯಾವ ಊರಿಗೆ ಹೋಗುತ್ತದೆ, ಮಿಷನ್ ಕೆಟ್ಟರೆ ಯಾರು ಬರುತ್ತಾರೆ, ಹೆಂಗಸು ಓನರ್ ಅಂತ ಡ್ರೈವರುಗಳು ಮಾತು ಕೇಳುತ್ತಾರಾ. ಹನ್ನೆರಡಕ್ಕೆ ಲಾರಿಯವನ ಫೋನು ಬಂತು. “ಇರಪ್ಪ, ಟೀ ಕುಡೀತಿರು,” ಎಂದು ಇಟ್ಟುಬಿಟ್ಟರು. ಗುಡ್ಡಪ್ಪ ಕಂಬಕ್ಕೊರಗಿ ಸುಮ್ಮನೆ ನಿಂತಿದ್ದರು. ನಡುವೆ ನಾಲ್ಕಾರು ಸಲ ತುಟಿ ತೆರೆದದ್ದುಂಟು. ಸುಪ್ರಿಯಾ ಟೀಚರ್ ಕಣ್ಣಲ್ಲೇ ಗದರಿದರು.

ಹೊರಡುವಾಗ ಜಯಶೀಲಾ ಹೇಳಿದರು: “ಶನಿವಾರ ಹತ್ತು ಜನಾನ ಕಳಿಸ್ರಿ ಮೇಷ್ಟ್ರೇ. ಈ ಅಂಜಲಿ ಇರ್ಲೇಬೇಕು.”

“ನಾನೂ ಬರ್ಲಾ, ಪರಿಚಯ ಮಾಡ್ಕೊಡಾಕೆ?”

“ನೀವು ಬ್ಯಾಡ್ರಿ.”

ಶನಿವಾರ ಸಂಜೆ ಬಸ್ಸಿಳಿದ ಮಕ್ಕಳ ತಲೆ, ಅಂಗಿಯೆಲ್ಲ ನಾರಿನ ಪುಡಿ. ಸ್ಟಾಪಿನಲ್ಲಿ ಕಾದಿದ್ದ ಮೇಷ್ಟ್ರನ್ನು ಮುತ್ತಿಕೊಂಡು ಹತ್ತೂ ಒಟ್ಟಿಗೆ ವರದಿ ಒಪ್ಪಿಸತೊಡಗಿದವು. ಗುಡ್ಡಪ್ಪನವರು ಇವನ ಕಡೆ ಒಂದು ಕಿವಿ, ಅವಳ ಕಡೆ ಒಂದು ಕಿವಿ ಕೊಟ್ಟುಕೊಂಡು, “ಹೌದಾ? ಆಮೇಲೆ?” ಎನ್ನುತ್ತ, ಊರೊಳಕ್ಕೆ ನಡೆದರು.