ಭಾಲ್ಕಿಯಲ್ಲಿ ಕೂತು ಔರಾದಿನಲ್ಲಿ ಮಾಡಿದ ಕೆಲಸ

ಔರಾದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ನನ್ನ ಬಲಗಾಲು ಮುರಿದದ್ದು ಎರಡನೇ ವರ್ಷವೂ ಮಳೆ ಕೈಕೊಟ್ಟಾಗ. ಜಾರುವುದಕ್ಕೆ ಕೆಸರಾದರೂ ಎಲ್ಲಿತ್ತು? ಸೀಟು ಹಿಡಿಯುವ ಅವಸರ, ಅಷ್ಟೇ. ಗುಳೆ ಹೊರಟವರ ಗಂಟುಮೂಟೆಗಳ ನಡುವೆ ಬಿದ್ದಿದ್ದೆ. ಅವರೇ ಎತ್ತಿ ಕೂರಿಸಿ ನೀರು ಕೊಟ್ಟರು. ಅಂಥವರ ರೇಷನ್ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವುದೇ ಔರಾದಿನ ಕಚೇರಿಯೊಂದರಲ್ಲಿ ನನ್ನ ನೌಕರಿ.

ಎರಡು ತಿಂಗಳು ಏಳಬೇಡ ಎಂದರು ಡಾಕ್ಟರು. ಕೆಲಸ ನಿಲ್ಲಬಾರದು ಎಂದರು ಸಾಹೇಬರು. ಕೊನೆಗೆ ಬೀದರಿನಿಂದ ಕಂಪ್ಯೂಟರ್ ತಿಳಿದವರೊಬ್ಬರು ಭಾಲ್ಕಿಯ ನಮ್ಮ ಮನೆಗೆ ಬಂದು ಲ್ಯಾಪ್‌ಟಾಪಿಗೆ ವಿಪಿಎನ್ ಹಾಕಿಕೊಟ್ಟರು. ಇದೇನಪ್ಪಾ ಎಂದು ನನ್ನ ಅವ್ವ ಕೇಳಿದಾಗ, "ನಮ್ಮ ಬೀದರದಾಗ ನೆಲದ ಒಳಗ ಸುರಂಗ ಬಾವಿ ಅದಾವಲ್ರೀ ಅವ್ವಾರ, ಹಂಗ. ಮ್ಯಾಲಿದ್ದವರಿಗಿ ಕಾಣಂಗಿಲ್ಲ, ಒಳಗಿಂದೊಳಗ ಇಲ್ಲಿಂದ ಆಫೀಸಿಗಿ ದಾರಿ," ಎಂದರು. "ನೀರು ಬರ್ತದೇನಪಾ ಅದರಾಗ?" ಎಂದಳು ಅವ್ವ. ಬೇರೆ ವರ್ಷವಾಗಿದ್ದರೆ ನಗುತ್ತಿದ್ದೆವು.

ಪಾಸ್‌ವರ್ಡ್ ಹೊಡೆದರೆ ಫೋನಿಗೆ ಆರು ಅಂಕಿ ಬರುತ್ತಿತ್ತು. ಅದನ್ನು ಹಾಕಿದರೆ ಔರಾದಿನ ಕಚೇರಿಯ ಪರದೆ ನನ್ನ ಮಂಚದ ಮೇಲೆ ತೆರೆಯುತ್ತಿತ್ತು. ಐದು ನಿಮಿಷ ಕೈಯಾಡಿಸದಿದ್ದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಪಾಸ್‌ವರ್ಡ್, ಮತ್ತೆ ಆರು ಅಂಕಿ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅದನ್ನು ದಿನಕ್ಕೆ ಹತ್ತು ಸಲ ಬಯ್ಯುತ್ತಿದ್ದೆ. ಆದರೂ ಕಚೇರಿಯಲ್ಲಿ ಕೂತವರಿಗಿಂತ ಹೆಚ್ಚು ಕಾರ್ಡು ಮುಗಿಸುತ್ತೇನೆ ಎಂಬ ಜಂಬ ಒಳಗಿತ್ತು. ಸುಳ್ಳು ಯಾಕೆ ಹೇಳಲಿ.

ಆ ತಿಂಗಳು ಬಂದ ಆದೇಶ ಇದು: ಕಾರ್ಡಿನಲ್ಲಿರುವವರು ಊರಲ್ಲಿದ್ದಾರೋ ಇಲ್ಲವೋ ವಿಚಾರಿಸಿ ಗುರುತು ಹಾಕಬೇಕು. ಮೂರು ಗುರುತು: ಹಾಜರು, ವಲಸೆ, ಮರಣ. ವಲಸೆ ಎಂದರೆ ಕಾರ್ಡು ಉಳಿಯುತ್ತದೆ. ಮರಣ ಎಂದರೆ ಹೋಗುತ್ತದೆ. ಮನೆಮನೆಗೆ ಹೋಗಿ ಕೇಳಬೇಕಾದ್ದನ್ನು ನಾನು ಮಲಗಿದಲ್ಲಿಂದಲೇ ಫೋನಿನಲ್ಲಿ ಕೇಳಿದೆ.

ಔರಾದಿನ ಹತ್ತಿರದ ಹಳ್ಳಿಯೊಂದರಲ್ಲಿ ಕುರಿ ಸಾಕುವ ಆಯಿ ಒಬ್ಬಳಿದ್ದಳು. ವಯಸ್ಸು ಅರವತ್ತರ ಮೇಲೆ, ಕಾರ್ಡಿನಲ್ಲಿ ಒಂದೇ ಹೆಸರು. ಕೊಟ್ಟಿದ್ದ ನಂಬರು ಪಕ್ಕದ ಮನೆಯವಳದು. ಫೋನ್ ಎತ್ತಿದವಳೂ ಅವಳೇ.

"ಅಕಿ ಹೋದಳ್ರೀ ಅಕ್ಕಾರ," ಎಂದಳು.

"ಯಾವಾಗ?"

"ದೀಪಾವಳಿ ಆದ ಮೂರನೇ ದಿನಕ್ಕ. ಓಣಿ ಮಂದೆಲ್ಲಾ ಅತ್ತು ಕಳಿಸಿದೆವ್ರಿ."

"ಅಯ್ಯೋ ಪಾಪ."

"ಪಾಪ ಅಲ್ಲೇನ್ರಿ ಮತ್ತ? ಇಷ್ಟ್ ವರ್ಷ ಒಂದೇ ಗ್ವಾಡಿ ಆಚಿ ಈಚಿ ಇದ್ದೇವಿ. ಊಟ ಸೇರವಲ್ದು ನನಗ."

ಪರದೆ ಮುಚ್ಚಿಕೊಳ್ಳುವ ಮೊದಲಿನ ಎಚ್ಚರಿಕೆ ಮಿಣುಕುತ್ತಿತ್ತು. ಫೋನಿಟ್ಟು 'ಮರಣ' ಒತ್ತಿದೆ. ಮನಸ್ಸಿಗೆ ನಿಜಕ್ಕೂ ಕೆಡುಕೆನಿಸಿತು. ಮುಂದಿನ ಕಾರ್ಡು ತೆಗೆದೆ.

ಯುಗಾದಿಯ ಹೊತ್ತಿಗೆ ನಾನು ಕೋಲು ಹಿಡಿದು ಕಚೇರಿಗೆ ಹೋಗತೊಡಗಿದ್ದೆ. ಒಂದು ದಿನ ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬಳು ಬಂದು ಮೇಜಿನ ಮುಂದೆ ನಿಂತಳು. ಮೇವಿಲ್ಲದೆ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಿದ್ದಳಂತೆ. ತಿರುಗಿ ಬಂದು ಎರಡು ತಿಂಗಳಾಗಿತ್ತು. "ರೇಷನ್ ಅಂಗಡ್ಯಾಗ ಹೆಬ್ಬಟ್ಟು ಇಟ್ರ ನಾ ಸತ್ತೀನಿ ಅಂತದ ನೋಡವ್ವಾ ಮಿಷನ್ನು. ಅಕ್ಕಿ ಬಂದ್ ಮಾಡ್ಯಾರ," ಎಂದಳು.

ಯಾರು ಗುರುತು ಹಾಕಿದರೆಂದು ತೆಗೆದು ನೋಡಿದೆ. ನನ್ನದೇ ಲಾಗಿನ್. ಪಕ್ಕದ ಮನೆಯವಳು ಫೋನಿನಲ್ಲಿ 'ಹೋದಳು' ಎಂದ ಆಯಿ ಇವಳೇ. ನಮ್ಮ ಕಡೆ ಊರು ಬಿಟ್ಟವರನ್ನೂ ಜೀವ ಬಿಟ್ಟವರನ್ನೂ 'ಹೋದರು' ಎಂದೇ ಅನ್ನುತ್ತಾರೆ, ಇಬ್ಬರನ್ನೂ ಅತ್ತೇ ಕಳಿಸುತ್ತಾರೆ. ಇದೇ ಭಾಷೆಯಲ್ಲಿ ಹುಟ್ಟಿ ಬೆಳೆದವಳಿಗೆ 'ಎಲ್ಲಿಗೆ' ಎಂದು ಒಂದು ಮಾತು ಕೇಳಲು ಏನಾಗಿತ್ತು ಧಾಡಿ?

ಆಯಿಗೆ ಏನೂ ಹೇಳಲಿಲ್ಲ. ಅರ್ಜಿ ಬರೆದು, ಬದುಕಿದ್ದಾಳೆಂದು ಊರವರ ಸಹಿ ತರಿಸಿ, ನಾಲ್ಕನೇ ದಿನ ನಾನೇ ಅವಳನ್ನು ಬೀದರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ, "ಕಾಲು ನೋವಿದ್ರೂ ನನ್ನ ಸಲುವಾಗಿ ಬಂದಿ. ನಿನ್ನ ಹೊಟ್ಟಿ ತಣ್ಣಗಿರಲಿ," ಎನ್ನುತ್ತಿದ್ದಳು. ಆ ಹರಕೆ ಕೇಳಿಸಿಕೊಳ್ಳುವುದು ಬಯ್ಗುಳಕ್ಕಿಂತ ಕಷ್ಟವಾಗಿತ್ತು.

ಜಿಲ್ಲಾ ಕಚೇರಿಯ ಫಾರ್ಮಿನಲ್ಲಿ 'ತಪ್ಪಿಗೆ ಕಾರಣ' ಎಂಬ ಸಾಲಿತ್ತು. "ನನ್ನ ತಪ್ಪುರೀ ಸರ್," ಎಂದೆ ಮೆಲ್ಲಗೆ. ಅಲ್ಲಿನವರು ಕನ್ನಡಕದ ಮೇಲಿಂದ ನೋಡಿದರು. "ಹಂಗ ಬರದ್ರ ವಿಚಾರಣಿ ಆಗ್ತದ ತಂಗಿ. ಅದು ಮುಗಿಯೂತನ ಅಕಿ ಕಾರ್ಡು ಬರಂಗಿಲ್ಲ. ತಾಂತ್ರಿಕ ದೋಷ ಅಂತ ಬರಿ." ಬರೆದೆ. ಆಯಿಯ ಅಕ್ಕಿಗಾಗಿ ಬರೆದೆನೋ, ನನ್ನ ನೌಕರಿಗಾಗಿಯೋ, ಇವತ್ತಿಗೂ ಖಾತ್ರಿಯಿಲ್ಲ.

ಬೀದರ ಬಸ್‌ಸ್ಟ್ಯಾಂಡಿನಲ್ಲಿ ತಡೆಯಲಾಗಲಿಲ್ಲ. "ಆಯಿ, ಮಿಷನ್ ತಪ್ಪಲ್ಲ. ನಿನ್ನ ಬಾಜೂ ಮನಿಯಾಕಿ ಫೋನಿನ್ಯಾಗ ಹೋದಳು ಅಂದಳು. ನಾ ಸತ್ತಳು ಅಂತ ತಿಳಕೊಂಡೆ. ಒತ್ತಿದಾಕಿ ನಾನೇ," ಎಂದೆ.

ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಕಂಬಳಿಯನ್ನು ಮಡಿಲಿಗೆಳೆದುಕೊಂಡು ಮಾತಾಡಿದಳು.

"ಅಂಗಡಿಯಾಂವ ಹೇಳಿದ್ದ, ನಿನ್ನ ಬಾಜೂಕಿನಾಕಿನೇ ನೀ ಸತ್ತೀದಿ ಅಂತ ಬರಸ್ಯಾಳ ಅಂತ. ನಾ ನಂಬಿದೆ. ಅಕಿ ಜ್ವಾಳದ ಹಿಟ್ಟು ಕಳಿಸಿದ್ಲು, ತಿರುಗಿ ಕಳಿಸಿದೆ. ಉಪಾಸ ಇದ್ದೆ, ಮುಟ್ಟಲಿಲ್ಲ. ಎರಡು ತಿಂಗಳು ಅಕಿ ಮಾರಿ ನೋಡಿಲ್ಲ."

"ನಾನೇ ಬಂದು ಅಕಿಗಿ ಹೇಳ್ತೇನಿ ಆಯಿ. ಇವತ್ತೇ."

"ಯಾರಿಗಿ ಹೇಳ್ತಿ? ಹೋದ ವಾರ ಅಕಿ ಮನಿಯವರೆಲ್ಲಾ ದುಡಿಲಿಕ್ಕ ಪುಣೇಕ್ಕ ಹೋದ್ರು. ಹೋಗೂ ಮುಂದ ನನ್ನ ಬಾಗಲದಾಗ ನಿಂತು ಮೂರು ಸಲ ಕರದಳು," ಎಂದಳು. "ನಾ ಒಳಗೇ ಇದ್ದೆ."